ಬೋಟ್ ಎಂಜಿನ್‌ಗೆ ಚಳಿಗಾಲದ ಕಾಪು: ಮೊದಲು ನೀರು ಬಸಿಯಬೇಕು, ಆಮೇಲೆ ಆ್ಯಂಟಿಫ್ರೀಜ್

ಪ್ರಶ್ನೆ: ನಾವು ಅಮೆರಿಕದ ಮಿನೆಸೋಟಾದಲ್ಲಿ, ಮಿನೆಟೊಂಕಾ ಸರೋವರದ ಸಮೀಪ ಇದ್ದೇವೆ. ಈ ಬೇಸಿಗೆಯಲ್ಲಿ ಹಳೆಯ ಬೋಟ್ ಒಂದನ್ನು ಕೊಂಡೆವು. ಅದರಲ್ಲಿ ಮರ್‌ಕ್ರೂಸರ್ 4.3 ಲೀಟರ್ ವಿ-6 ಕಾರ್ಬ್ಯುರೇಟರ್ ಎಂಜಿನ್ ಮತ್ತು ಆಲ್ಫಾ ಒನ್ ಜೆನ್ 2 ಔಟ್‌ಡ್ರೈವ್ (ಬೋಟಿನ ಹಿಂದೆ ಹೊರಗಿರುವ, ಪ್ರೊಪೆಲ್ಲರ್ ತಿರುಗಿಸುವ ಭಾಗ) ಇದೆ. ಅಂಗಡಿಯಲ್ಲಿ ಸಿಗುವ ಬಕೆಟ್ ಕಿಟ್‌ನಲ್ಲಿ ಐದು ಗ್ಯಾಲನ್ ಗುಲಾಬಿ ಆ್ಯಂಟಿಫ್ರೀಜ್ (ಹೆಪ್ಪುಗಟ್ಟುವುದನ್ನು ತಡೆಯುವ ದ್ರವ) ತುಂಬಿ ಎಂಜಿನ್‌ಗೆ ಎಳೆಸಿದರೆ, ಎಕ್ಸಾಸ್ಟ್‌ನಲ್ಲಿ ಗುಲಾಬಿ ಬಣ್ಣ ಕಂಡ ಕೂಡಲೇ ಕೆಲಸ ಮುಗಿಯಿತು ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಇಷ್ಟು ಸಾಕೇ? ಔಟ್‌ಡ್ರೈವ್‌ಗೂ ಆ್ಯಂಟಿಫ್ರೀಜ್ ಹಾಕಬೇಕೇ? ಅದನ್ನು ಎತ್ತಿಡಬೇಕೇ, ಇಳಿಸಿಡಬೇಕೇ? ನವೆಂಬರ್‌ವರೆಗೆ ಕಾಯಬಹುದೇ?

ಉತ್ತರ: ಇಷ್ಟು ಸಾಲದು. ಎಕ್ಸಾಸ್ಟ್‌ನಲ್ಲಿ ಗುಲಾಬಿ ಬಣ್ಣ ಕಂಡಿತು ಎಂಬುದು ಆ್ಯಂಟಿಫ್ರೀಜ್ ಎಕ್ಸಾಸ್ಟ್‌ವರೆಗೆ ಬಂತು ಎಂಬುದಕ್ಕೆ ಮಾತ್ರ ಸಾಕ್ಷಿ. ಅದು ಎಂಜಿನ್ ಬ್ಲಾಕಿನೊಳಗೆ ಹೋಯಿತು ಎಂಬುದಕ್ಕೆ ಸಾಕ್ಷಿಯಲ್ಲ. ಪ್ರತಿ ವಸಂತದಲ್ಲಿ ವರ್ಕ್‌ಶಾಪ್‌ಗಳಿಗೆ ಬರುವ ಒಡೆದ ಬ್ಲಾಕ್‌ಗಳ ಮಾಲೀಕರಲ್ಲಿ ಅನೇಕರು ನಿಮ್ಮ ನೆರೆಯವರು ಹೇಳಿದಂತೆಯೇ ಮಾಡಿ, ಗುಲಾಬಿ ಬಣ್ಣವನ್ನು ಕಣ್ಣಾರೆ ಕಂಡು, ನಿಶ್ಚಿಂತೆಯಿಂದ ಟಾರ್ಪಾಲು ಹೊದಿಸಿದವರೇ ಆಗಿರುತ್ತಾರೆ. ಆದ್ದರಿಂದ ಮೊದಲು ಕಾರಣವನ್ನು ವಿವರಿಸಿ, ಆಮೇಲೆ ಕ್ರಮಕ್ಕೆ ಬರುತ್ತೇನೆ.

ಕಾರಿನ ಎಂಜಿನ್‌ನಲ್ಲಿ ಕೂಲಂಟ್ ವರ್ಷಗಟ್ಟಲೆ ಅದರೊಳಗೇ ಸುತ್ತುತ್ತಿರುತ್ತದೆ. ಅದರಲ್ಲಿ ಆ್ಯಂಟಿಫ್ರೀಜ್ ಬೆರೆತೇ ಇರುವುದರಿಂದ ಚಳಿಗಾಲದ ಚಿಂತೆ ನಮಗೆ ಬರುವುದಿಲ್ಲ. ನಿಮ್ಮ ಬೋಟಿನ 4.3 ಎಂಜಿನ್ ಬಹುಶಃ ಸರೋವರದ ನೀರನ್ನೇ ನೇರವಾಗಿ ಎಳೆದುಕೊಂಡು ತಂಪಾಗುವ ಬಗೆಯದು. ಔಟ್‌ಡ್ರೈವ್‌ನ ಕೆಳಭಾಗದ ರಂಧ್ರಗಳಿಂದ ಒಳಬರುವ ನೀರು ಅಲ್ಲೇ ಒಳಗಿರುವ ರಬ್ಬರ್ ಇಂಪೆಲ್ಲರ್‌ನಿಂದ ಮೇಲಕ್ಕೆ ತಳ್ಳಲ್ಪಟ್ಟು, ಪವರ್ ಸ್ಟೀರಿಂಗ್ ಕೂಲರ್ ಹಾದು, ಎಂಜಿನ್‌ನ ಮುಂಭಾಗದ ಮೇಲಿರುವ ಥರ್ಮೋಸ್ಟಾಟ್ ಹೌಸಿಂಗ್‌ಗೆ ತಲುಪುತ್ತದೆ. ಅಲ್ಲಿಂದ ಅದಕ್ಕೆ ಎರಡು ದಾರಿ. ಒಂದು, ಸರ್ಕ್ಯುಲೇಟಿಂಗ್ ಪಂಪ್ ಮೂಲಕ ಬ್ಲಾಕ್ ಮತ್ತು ಹೆಡ್‌ಗಳ ಒಳಗೆ. ಇನ್ನೊಂದು, ನೇರವಾಗಿ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗಳಿಗೆ ಹೋಗಿ, ಹೊಗೆಯೊಂದಿಗೆ ಬೆರೆತು ಔಟ್‌ಡ್ರೈವ್‌ನಿಂದ ಹೊರಗೆ. ಎಂಜಿನ್ ತಣ್ಣಗಿರುವಾಗ ಥರ್ಮೋಸ್ಟಾಟ್, ಅಂದರೆ ಬಿಸಿಯಾದಾಗ ತೆರೆಯುವ ಕವಾಟ, ಮುಚ್ಚಿರುತ್ತದೆ. ಬ್ಲಾಕಿನಲ್ಲಿರುವ ನೀರು ಅಲ್ಲೇ ಸುತ್ತುತ್ತಿರುತ್ತದೆ, ಹೊಸದಾಗಿ ಬಂದದ್ದೆಲ್ಲ ಎರಡನೆಯ ದಾರಿ ಹಿಡಿದು ಹೊರಗೆ ಹೋಗುತ್ತದೆ.

ಬಕೆಟ್ ಕಿಟ್ ಎಡವುವುದು ಇಲ್ಲಿಯೇ. ಥರ್ಮೋಸ್ಟಾಟ್ ತೆರೆಯುವುದು ಸಾಮಾನ್ಯವಾಗಿ 160 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 71 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹಳೆಯ ಮಾದರಿಗಳಲ್ಲಿ ತುಸು ಮೊದಲೇ. ಎಂಜಿನ್ ಅಷ್ಟು ಬಿಸಿಯಾಗದೆ ಬಕೆಟ್‌ನ ಕವಾಟ ತೆರೆದರೆ, ಐದು ಗ್ಯಾಲನ್ ಆ್ಯಂಟಿಫ್ರೀಜ್ ಬ್ಲಾಕನ್ನು ಮುಟ್ಟದೆ ನೋಡನೋಡುತ್ತಿದ್ದಂತೆಯೇ ಎಕ್ಸಾಸ್ಟ್‌ನಿಂದ ಸುರಿದುಹೋಗುತ್ತದೆ. ಬಿಸಿಯಾದ ಮೇಲೆಯೇ ತೆರೆದಿರೆಂದುಕೊಳ್ಳಿ. ಆಗಲೂ ತಣ್ಣನೆಯ ಆ್ಯಂಟಿಫ್ರೀಜ್ ತಾಗಿದೊಡನೆ ಥರ್ಮೋಸ್ಟಾಟ್ ಮತ್ತೆ ಮುಚ್ಚಿಕೊಳ್ಳಬಹುದು. ಎರಡೂ ಸಂದರ್ಭಗಳಲ್ಲಿ ಹೊರಗೆ ಕಾಣುವ ಗುಲಾಬಿ ಬಣ್ಣ ಒಂದೇ. ಬ್ಲಾಕಿನೊಳಗೆ ಉಳಿದದ್ದು ಮಾತ್ರ ಸರೋವರದ ನೀರು, ಅಥವಾ ನೀರೇ ಹೆಚ್ಚಾಗಿರುವ ತೆಳು ಮಿಶ್ರಣ.

ನೀರು ಮಂಜುಗಡ್ಡೆಯಾಗುವಾಗ ಅದರ ಗಾತ್ರ ಸುಮಾರು ಶೇಕಡಾ 9ರಷ್ಟು ಹೆಚ್ಚುತ್ತದೆ. ಎರಕದ ಕಬ್ಬಿಣ ಆ ಒತ್ತಡಕ್ಕೆ ಹಿಗ್ಗುವುದಿಲ್ಲ, ಒಡೆಯುತ್ತದೆ. ಬ್ಲಾಕಿನ ಪಕ್ಕದಲ್ಲಿರುವ ದುಂಡನೆಯ ಫ್ರೀಜ್ ಪ್ಲಗ್‌ಗಳು ಹೊರಕ್ಕೆ ಚಿಮ್ಮಿ ಬ್ಲಾಕನ್ನು ಕಾಪಾಡುತ್ತವೆ ಎಂಬ ನಂಬಿಕೆ ವ್ಯಾಪಕವಾಗಿದೆ. ಅವು ಇರುವುದು ಎರಕ ಹೊಯ್ಯುವಾಗ ಒಳಗೆ ತುಂಬಿದ ಮರಳನ್ನು ತೆಗೆಯಲು ಬಿಟ್ಟ ತೂತುಗಳನ್ನು ಮುಚ್ಚುವುದಕ್ಕಾಗಿ. ಅವನ್ನು ನೆಚ್ಚಿಕೊಳ್ಳುವಂತಿಲ್ಲ. ಬಿರುಕು ಹೊರಗಡೆ ಬಿಟ್ಟರೆ ವಸಂತದಲ್ಲಿ ನೀರು ಸೋರಿ ಗೊತ್ತಾಗುತ್ತದೆ. ಒಳಗಡೆ, ಇನ್‌ಟೇಕ್ ಮ್ಯಾನಿಫೋಲ್ಡ್‌ನ ಕೆಳಗಿನ ಕಣಿವೆಯಲ್ಲಿ ಬಿಟ್ಟರೆ ನೀರು ಎಂಜಿನ್ ಆಯಿಲ್‌ಗೆ ಸೇರುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡುವವರೆಗೂ ಸುಳಿವು ಸಿಗುವುದಿಲ್ಲ.

ಗುಲಾಬಿ ಆ್ಯಂಟಿಫ್ರೀಜ್‌ನ ಡಬ್ಬಿಯ ಮೇಲೆ ಬರೆದಿರುವ -50 ಎಂಬ ಸಂಖ್ಯೆಯ ಬಗ್ಗೆಯೂ ಎರಡು ಮಾತು ಅಗತ್ಯ. ಅದು ಫ್ಯಾರನ್‌ಹೀಟ್ ಲೆಕ್ಕ. ಸೆಲ್ಸಿಯಸ್‌ನಲ್ಲಿ ಸುಮಾರು -46. ಆ ದ್ರವ ಅಲ್ಲಿಯವರೆಗೂ ನೀರಿನಂತೆಯೇ ಇರುತ್ತದೆ ಎಂದು ಇದರ ಅರ್ಥವಲ್ಲ. ಸುಮಾರು -11 ಡಿಗ್ರಿ ಸೆಲ್ಸಿಯಸ್ ಹೊತ್ತಿಗೇ ಅದು ಮೆತ್ತನೆಯ ಮುದ್ದೆಯಾಗತೊಡಗುತ್ತದೆ. ಆ ಮುದ್ದೆ ಗಟ್ಟಿ ಮಂಜಿನಂತೆ ಒತ್ತಡ ಹೇರದೆ ಜಾಗವಿದ್ದತ್ತ ಸರಿಯುವುದರಿಂದ ಪೈಪುಗಳು ಒಡೆಯುವುದಿಲ್ಲ ಎಂಬುದಷ್ಟೇ ಆ ಸಂಖ್ಯೆಯ ಭರವಸೆ, ಅದೂ ನೀರು ಬೆರೆಸದೆ ಇದ್ದಾಗ ಮಾತ್ರ. ಬ್ಲಾಕಿನಲ್ಲಿ ಉಳಿದ ನೀರಿನೊಂದಿಗೆ ಅರ್ಧಕ್ಕರ್ಧ ಬೆರೆತರೆ ಅದರ ಕಾಪು ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗೆ ನಿಂತುಬಿಡುತ್ತದೆ. ನಿಮ್ಮ ಊರಿನಲ್ಲಿ ಜನವರಿಯ ರಾತ್ರಿಗಳು -13 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಯುವುದೇ ಸಾಮಾನ್ಯ. ಮಿನೆಸೋಟಾದ ದಾಖಲೆಯಂತೂ 1996ರ ಫೆಬ್ರವರಿ 2ರಂದು ಟವರ್ ಎಂಬ ಊರಿನಲ್ಲಿ ಅಳೆದ -60 ಡಿಗ್ರಿ ಫ್ಯಾರನ್‌ಹೀಟ್, ಅಂದರೆ -51 ಡಿಗ್ರಿ ಸೆಲ್ಸಿಯಸ್. ಅಂಥ ಕಡೆ ನಾನು -100 ದರ್ಜೆಯದನ್ನೇ ಕೊಳ್ಳಲು ಹೇಳುತ್ತೇನೆ. ಬೆಲೆ ಹೆಚ್ಚು, ಆದರೆ ಬ್ಲಾಕಿನ ಬೆಲೆಯ ಮುಂದೆ ಏನೂ ಅಲ್ಲ. ಕೊಳ್ಳುವಾಗ ಪ್ರೊಪಿಲೀನ್ ಗ್ಲೈಕಾಲ್‌ನಿಂದ ಮಾಡಿದ್ದೇ ಎಂದು ಖಚಿತಪಡಿಸಿಕೊಳ್ಳಿ, ಎಂಜಿನ್‌ಗೆ ಬಳಸಬಹುದು ಮತ್ತು ತುಕ್ಕು ತಡೆಯುವ ಅಂಶವಿದೆ ಎಂದು ಡಬ್ಬಿಯ ಮೇಲೆ ಬರೆದಿದೆಯೇ ನೋಡಿ. ಅಗ್ಗದ ಕೆಲವು ಗುಲಾಬಿ ದ್ರವಗಳಲ್ಲಿ ಎಥನಾಲ್ ಇರುತ್ತದೆ; ಅದು ಬೆಂಕಿಗೆ ಹತ್ತಿಕೊಳ್ಳುವಂಥದ್ದು, ರಬ್ಬರ್‌ಗೂ ಒಳ್ಳೆಯದಲ್ಲ. ಕಾರಿಗೆ ಹಾಕುವ ಹಸಿರು ಎಥಿಲೀನ್ ಗ್ಲೈಕಾಲ್ ವಿಷ. ರುಚಿ ಸಿಹಿಯಾಗಿರುವುದರಿಂದ ನಾಯಿಗಳು ನೆಕ್ಕಿ ಸಾಯುತ್ತವೆ. ವಸಂತದಲ್ಲಿ ಹೊರಗೆ ಸುರಿಯಬೇಕಾದ ಜಾಗದಲ್ಲಿ ಅದನ್ನು ಎಂದಿಗೂ ತುಂಬಬೇಡಿ.

ಇನ್ನು ಕೆಲಸದ ಕ್ರಮ. ಮೊದಲು ಇಂಧನ. ಮಾಮೂಲಿ ಪೆಟ್ರೋಲಿನಲ್ಲಿ ಶೇಕಡಾ 10ರಷ್ಟು ಎಥನಾಲ್ ಇರುತ್ತದೆ; ಅದು ತೇವ ಹೀರಿಕೊಂಡು, ತಿಂಗಳುಗಟ್ಟಲೆ ನಿಂತಾಗ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಮಿನೆಸೋಟಾದಲ್ಲಿ ಬೋಟ್‌ಗಳಿಗೆ ಎಥನಾಲ್ ಇಲ್ಲದ ಪೆಟ್ರೋಲನ್ನು ಮಾರಲು ಅವಕಾಶವಿದೆ, ಸಿಕ್ಕರೆ ಅದನ್ನೇ ತುಂಬಿಸಿ. ಹಿಗ್ಗಲು ತುಸು ಜಾಗ ಬಿಟ್ಟು ಟ್ಯಾಂಕನ್ನು ಹೆಚ್ಚುಕಡಿಮೆ ಭರ್ತಿ ಮಾಡಿ, ಪೆಟ್ರೋಲ್ ಕೆಡದಂತೆ ತಡೆಯುವ ಫ್ಯೂಯೆಲ್ ಸ್ಟೆಬಿಲೈಸರ್ ಬೆರೆಸಿ. ಆಮೇಲೆ ಔಟ್‌ಡ್ರೈವ್ ಇಳಿಸಿ, ನೀರಿನ ರಂಧ್ರಗಳಿಗೆ ಫ್ಲಶ್ ಮಫ್ (ಹೋಸ್ ಜೋಡಿಸುವ ರಬ್ಬರ್ ಬಟ್ಟಲುಗಳು) ಕೂರಿಸಿ, ತೋಟದ ಹೋಸ್‌ನಿಂದ ನೀರು ಬಿಟ್ಟ ಮೇಲಷ್ಟೇ ಎಂಜಿನ್ ಚಾಲು ಮಾಡಿ. ನೀರಿಲ್ಲದೆ ಓಡಿಸಿದರೆ ಇಂಪೆಲ್ಲರ್ ಬಹಳ ಬೇಗ ಸುಟ್ಟುಹೋಗುತ್ತದೆ. ಎಂಜಿನ್ ಚಾಲು ಮಾಡುವ ಮೊದಲು ಎಂಜಿನ್ ಕೋಣೆಯ ಪೆಟ್ರೋಲ್ ಆವಿ ಹೊರಹಾಕುವ ಬ್ಲೋವರ್ ಕನಿಷ್ಠ ನಾಲ್ಕು ನಿಮಿಷ ಓಡಲಿ, ಬೋಟ್ ಬಯಲಿನಲ್ಲಿರಲಿ. ಮುಚ್ಚಿದ ಗ್ಯಾರೇಜ್‌ನಲ್ಲಿ ಈ ಕೆಲಸ ಪ್ರಾಣಕ್ಕೇ ಅಪಾಯ. ಹತ್ತು ಹದಿನೈದು ನಿಮಿಷ ಓಡಿದರೆ ಸ್ಟೆಬಿಲೈಸರ್ ಬೆರೆತ ಇಂಧನ ಕಾರ್ಬ್ಯುರೇಟರ್‌ವರೆಗೆ ತಲುಪುತ್ತದೆ, ಆಯಿಲ್ ಬಿಸಿಯಾಗುತ್ತದೆ. ಕೊನೆಯ ನಿಮಿಷದಲ್ಲಿ ಫ್ಲೇಮ್ ಅರೆಸ್ಟರ್ (ಕಾರ್ಬ್ಯುರೇಟರ್ ಮೇಲಿನ ಬೆಂಕಿ ತಡೆಯುವ ಜಾಲರಿ) ತೆಗೆದು ಕಾರ್ಬ್ಯುರೇಟರ್‌ಗೆ ಒಳಭಾಗಕ್ಕೆ ತುಕ್ಕು ಹಿಡಿಯದಂತೆ ಕಾಯುವ ಫಾಗಿಂಗ್ ಆಯಿಲ್ ಸಿಂಪಡಿಸಿ, ದಟ್ಟ ಹೊಗೆ ಬಂದಾಗ ಎಂಜಿನ್ ನಿಲ್ಲಿಸಿ, ಅರೆಸ್ಟರನ್ನು ಮರಳಿ ಕೂರಿಸಿ. ಎಂಜಿನ್ ಆಯಿಲ್ ಮತ್ತು ಫಿಲ್ಟರನ್ನು ಈಗಲೇ ಬದಲಿಸಿ, ವಸಂತಕ್ಕೆ ಮುಂದೂಡಬೇಡಿ. ಬಳಸಿದ ಆಯಿಲ್‌ನಲ್ಲಿರುವ ಆಮ್ಲ ಮತ್ತು ತೇವ ಐದಾರು ತಿಂಗಳು ಬೇರಿಂಗ್‌ಗಳ ಮೇಲೆ ಕೂರುವುದು ಒಳ್ಳೆಯದಲ್ಲ.

ಮುಂದಿನದೇ ಈ ಇಡೀ ಕೆಲಸದ ಜೀವಾಳ. ಬ್ಲಾಕಿನ ಎರಡೂ ಬದಿಯಲ್ಲಿ, ಆಯಿಲ್ ಪ್ಯಾನ್‌ನಿಂದ ಸ್ವಲ್ಪ ಮೇಲೆ, ಒಂದೊಂದು ಡ್ರೈನ್ ಪ್ಲಗ್ ಇರುತ್ತದೆ. ಎರಡು ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗಳ ತಳದಲ್ಲಿ ಒಂದೊಂದು. ಹೊಸ ಎಂಜಿನ್‌ಗಳಲ್ಲಿ ಇವು ನೀಲಿ ಪ್ಲಾಸ್ಟಿಕ್ಕಿನವು, ಹಳೆಯವುಗಳಲ್ಲಿ ಹಿತ್ತಾಳೆಯವು. ಇವುಗಳ ಜೊತೆಗೆ ಸರ್ಕ್ಯುಲೇಟಿಂಗ್ ಪಂಪ್‌ನ ದೊಡ್ಡ ಹೋಸನ್ನು ಕೆಳತುದಿಯಲ್ಲಿ ಬಿಚ್ಚಬೇಕು, ಪವರ್ ಸ್ಟೀರಿಂಗ್ ಕೂಲರ್‌ನ ಹೋಸ್ ಅನ್ನೂ ಬಿಚ್ಚಬೇಕು. ಬೋಟ್ ಅಡ್ಡಕ್ಕೆ ಸಮವಾಗಿ, ಮೂತಿ ತುಸು ಮೇಲಿರುವಂತೆ ಟ್ರೈಲರ್ ನಿಲ್ಲಿಸಿಕೊಂಡಿರಿ.

ಪ್ಲಗ್ ಬಿಚ್ಚಿದಾಗ ಏನು ಬರುತ್ತದೆ ಎಂಬುದನ್ನು ಅಲ್ಲೇ ಬಗ್ಗಿ ನೋಡಬೇಕು. ಎಷ್ಟೋ ಸಲ ಬ್ಲಾಕಿನ ಪ್ಲಗ್ ಕೈಗೆ ಬಂದರೂ ಒಂದು ಹನಿಯೂ ಬೀಳುವುದಿಲ್ಲ, ಅಥವಾ ಬೆರಳಷ್ಟು ಧಾರೆ ಬಂದು ಥಟ್ಟನೆ ನಿಂತುಬಿಡುತ್ತದೆ. ನೀರು ಖಾಲಿಯಾಯಿತು ಎಂದು ತಿಳಿಯಬೇಡಿ. ತುಕ್ಕಿನ ಚಕ್ಕೆ, ಸರೋವರದ ಮರಳು, ಎರಕದ ಹುಡಿ ಎಲ್ಲ ಸೇರಿ ಆ ತೂತಿನ ಹಿಂದೆ ಗಟ್ಟಿ ಕೆಸರಾಗಿ ಕುಳಿತಿರುತ್ತದೆ. ಗಟ್ಟಿ ತಂತಿಯನ್ನೋ ತೆಳುವಾದ ಸ್ಕ್ರೂಡ್ರೈವರನ್ನೋ ತೂತಿನೊಳಕ್ಕೆ ತೂರಿಸಿ, ತಿರುಗಿಸುತ್ತ ಒತ್ತಿ. ಮೊದಲು ಕಂದು ಬಣ್ಣದ ರಾಡಿ ತಂತಿಗೆ ಅಂಟಿ ಬರುತ್ತದೆ; ಇನ್ನೊಂದು ಸಲ ಒತ್ತಿದಾಗ ಒಳಗೆ ಏನೋ ಕುಸಿದಂತಾಗಿ ನೀರು ಭರ್ರನೆ ಕೈಮೇಲೆ ಚಿಮ್ಮುತ್ತದೆ. ಹೀಗೆ ಚಿಮ್ಮುವ ನೀರೇ ಜನವರಿಯಲ್ಲಿ ನಿಮ್ಮ ಬ್ಲಾಕನ್ನು ಸೀಳಬಹುದಾಗಿದ್ದ ನೀರು. ಎಲ್ಲ ತೂತುಗಳಿಗೂ ತಂತಿ ಹಾಕಿ, ಧಾರೆ ಹನಿಯಾಗಿ, ಹನಿಯೂ ನಿಲ್ಲುವವರೆಗೆ ಕಾಯಿರಿ. ಒಂದು ಬದಿ ಬಸಿದಿದೆ ಎಂದಮಾತ್ರಕ್ಕೆ ಇನ್ನೊಂದು ಬದಿಯೂ ಬಸಿದಿದೆ ಎಂದುಕೊಳ್ಳುವಂತಿಲ್ಲ. ವಿ-6ನ ಎರಡು ಬದಿಗಳನ್ನೂ ಬೇರೆ ಬೇರೆಯಾಗಿಯೇ ಬಸಿಯಬೇಕು. ಕೊನೆಗೆ ಇಗ್ನಿಶನ್ ಸಂಪರ್ಕ ತಪ್ಪಿಸಿ, ಎಂಜಿನ್ ಹತ್ತಿಕೊಳ್ಳದಂತೆ ನೋಡಿಕೊಂಡು, ಸ್ಟಾರ್ಟರನ್ನು ಒಂದೆರಡು ಕ್ಷಣ ಮಾತ್ರ ತಿರುಗಿಸಿ. ಔಟ್‌ಡ್ರೈವ್‌ನ ಪಂಪ್‌ನಲ್ಲಿ ನಿಂತ ನೀರು ಹೊರಬರುತ್ತದೆ.

ಬಿಚ್ಚಿದ ಪ್ಲಗ್‌ಗಳನ್ನು ಒಂದೇ ಡಬ್ಬಿಯಲ್ಲಿ ಹಾಕಿ ಸ್ಟೀರಿಂಗ್‌ಗೆ ಕಟ್ಟಿಡಿ. ಎಷ್ಟು ಬಿಚ್ಚಿದಿರೋ ಅಷ್ಟೂ ಮರಳಿ ಹೋಗಿವೆಯೇ ಎಂದು ಎಣಿಸಲು ಇದಕ್ಕಿಂತ ಸುಲಭ ಉಪಾಯವಿಲ್ಲ.

ಹೀಗೆ ಪೂರ್ತಿ ಬಸಿದ ಎಂಜಿನ್ ಒಡೆಯಲು ಅದರಲ್ಲಿ ನೀರೇ ಇರುವುದಿಲ್ಲ. ಹಾಗಿದ್ದ ಮೇಲೆ ಆ್ಯಂಟಿಫ್ರೀಜ್ ಏಕೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಬರೀ ಬಸಿದಿಟ್ಟು ಚಳಿಗಾಲ ದಾಟಿಸುವವರೂ ಬಹಳ ಮಂದಿ ಇದ್ದಾರೆ, ಸರಿಯಾಗಿ ಬಸಿದಿದ್ದರೆ ಅದು ತಪ್ಪಲ್ಲ. ಆದರೂ ನಾನು ತುಂಬಿಸಿ ಎನ್ನುವುದಕ್ಕೆ ಎರಡು ಕಾರಣಗಳಿವೆ. ಕಣ್ಣಿಗೆ ಕಾಣದ ಮೂಲೆಯಲ್ಲಿ ಎಲ್ಲೋ ಒಂದು ಲೋಟ ನೀರು ಉಳಿದಿದ್ದರೂ ಅದು ಗಾಢವಾದ ಆ್ಯಂಟಿಫ್ರೀಜ್‌ನಲ್ಲಿ ಬೆರೆತು ನಿರುಪದ್ರವಿಯಾಗುತ್ತದೆ. ಎರಡನೆಯದಾಗಿ, ಒದ್ದೆ ಕಬ್ಬಿಣಕ್ಕೆ ಗಾಳಿ ಸೋಕುತ್ತಿದ್ದರೆ ತುಕ್ಕು ವೇಗವಾಗಿ ಹಿಡಿಯುತ್ತದೆ. ತುಕ್ಕುನಿರೋಧಕ ದ್ರವ ತುಂಬಿದ್ದರೆ ಗಾಳಿ ಸೋಕುವುದಿಲ್ಲ. ಮುಂದಿನ ವರ್ಷ ಡ್ರೈನ್ ತೂತಿನಲ್ಲಿ ಕೂರುವ ಚಕ್ಕೆಗಳೂ ಕಡಿಮೆಯಾಗುತ್ತವೆ.

ತುಂಬುವಾಗ ಪಂಪ್‌ನಿಂದ ಎಳೆಸುವ ಬದಲು ಕೈಯಿಂದಲೇ ಸುರಿಯುವುದು ನನ್ನ ಸ್ಪಷ್ಟ ಸಲಹೆ, ಏಕೆಂದರೆ ಆಗ ಥರ್ಮೋಸ್ಟಾಟ್‌ನ ಮರ್ಜಿ ಕಾಯಬೇಕಾಗಿಲ್ಲ. ಪ್ಲಗ್‌ಗಳಿಗೆ ಸೀಲಂಟ್ ಸವರಿ ಮರಳಿ ಕೂರಿಸಿ, ಕೆಳಗೆ ಬಿಚ್ಚಿದ ಹೋಸ್‌ಗಳನ್ನು ಜೋಡಿಸಿ. ಥರ್ಮೋಸ್ಟಾಟ್ ಹೌಸಿಂಗ್‌ನಿಂದ ಸರ್ಕ್ಯುಲೇಟಿಂಗ್ ಪಂಪ್‌ಗೆ ಹೋಗುವ ದೊಡ್ಡ ಹೋಸನ್ನು ಮೇಲ್ತುದಿಯಲ್ಲಿ ಬಿಚ್ಚಿ, ಆಲಿಕೆ ಇಟ್ಟು, ನಿಧಾನವಾಗಿ ಸುರಿಯಿರಿ. ಒಳಗಿನ ಗಾಳಿ ಹೊರಬರಲು ಹೊತ್ತು ಬೇಕು, ಅವಸರ ಮಾಡಿದರೆ ದ್ರವ ಉಕ್ಕಿ ಬಿಲ್ಜ್‌ಗೆ (ಬೋಟಿನ ಒಳತಳಕ್ಕೆ) ಬೀಳುತ್ತದೆ. ಹೌಸಿಂಗ್‌ವರೆಗೆ ದ್ರವ ಬಂದಮೇಲೆ ಹೋಸ್ ಜೋಡಿಸಿ, ಮ್ಯಾನಿಫೋಲ್ಡ್‌ಗಳಿಗೆ ಹೋಗುವ ಎರಡು ಹೋಸ್‌ಗಳಲ್ಲೂ ಸುರಿಯಿರಿ. ಈಗ ಔಟ್‌ಡ್ರೈವ್‌ನ ಎಕ್ಸಾಸ್ಟ್‌ನಲ್ಲಿ ಕಾಣುವ ಗುಲಾಬಿ ಬಣ್ಣಕ್ಕೆ ಅರ್ಥವಿದೆ. ಒಟ್ಟು ಐದಾರು ಗ್ಯಾಲನ್, ಅಂದರೆ 19ರಿಂದ 23 ಲೀಟರ್ ಸಾಕಾಗುತ್ತದೆ. ಅನುಮಾನ ಉಳಿದರೆ ಬ್ಲಾಕಿನ ಡ್ರೈನ್ ಪ್ಲಗ್ ತುಸು ಸಡಿಲಿಸಿ, ಕೆಲವು ಹನಿ ತೆಗೆದು, ಪ್ರೊಪಿಲೀನ್ ಗ್ಲೈಕಾಲ್ ಅಳತೆಪಟ್ಟಿ ಇರುವ ರಿಫ್ರ್ಯಾಕ್ಟೋಮೀಟರ್‌ನಲ್ಲಿ ನೋಡಿ. ಡಬ್ಬಿಯಿಂದ ನೇರ ತೆಗೆದ ಹನಿಯೂ ಬ್ಲಾಕಿನ ಹನಿಯೂ ಒಂದೇ ಅಂಕಿ ತೋರಿಸಬೇಕು.

ನಿಮ್ಮ ಎಂಜಿನ್‌ಗೆ ಹೀಟ್ ಎಕ್ಸ್‌ಚೇಂಜರ್ ಜೋಡಿಸಿ, ಕಾರಿನಂತೆ ಮುಚ್ಚಿದ ಕೂಲಿಂಗ್ ಮಾಡಿದ್ದರೆ ಬ್ಲಾಕಿನಲ್ಲಿ ಕೂಲಂಟ್ ಆಗಲೇ ಇರುತ್ತದೆ. ಅದು ಅರ್ಧಕ್ಕರ್ಧ ಎಥಿಲೀನ್ ಗ್ಲೈಕಾಲ್ ಆಗಿದ್ದರೆ ಸುಮಾರು -37 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯುತ್ತದೆ. ಆಗಲೂ ಸರೋವರದ ನೀರು ಹರಿಯುವ ಭಾಗವನ್ನು ಬಸಿಯಲೇಬೇಕು.

ಔಟ್‌ಡ್ರೈವ್‌ನ ವಿಷಯದಲ್ಲಿ ಉತ್ತರ ಸರಳ: ಇಳಿಸಿಯೇ ಇಡಿ. ನೇರವಾಗಿ ಕೆಳಗಿಳಿಸಿದ ಆಲ್ಫಾ ಡ್ರೈವ್‌ನ ನೀರಿನ ದಾರಿಗಳು ತಾವಾಗಿಯೇ ಬಸಿದುಹೋಗುತ್ತವೆ. ಅದಕ್ಕೆಂದೇ ಪ್ರತ್ಯೇಕವಾಗಿ ಆ್ಯಂಟಿಫ್ರೀಜ್ ಬೇಕಾಗಿಲ್ಲ. ಎತ್ತಿಟ್ಟರೆ ಪ್ರೊಪೆಲ್ಲರ್‌ನ ಎಕ್ಸಾಸ್ಟ್ ಬಾಯಿಯಿಂದ ಮಳೆನೀರು, ಕರಗಿದ ಹಿಮ ಒಳಸೇರಿ, ಅಲ್ಲೇ ಹೆಪ್ಪುಗಟ್ಟಿ ಅಲ್ಯೂಮಿನಿಯಂ ಕವಚವನ್ನು ಸೀಳುತ್ತದೆ. ಜೊತೆಗೆ ಬೋಟಿಗೂ ಔಟ್‌ಡ್ರೈವ್‌ಗೂ ನಡುವಿನ ನೆರಿಗೆಯ ರಬ್ಬರ್ ಕೊಳವೆಗಳಾದ ಬೆಲ್ಲೋಸ್‌ಗಳು ತಿಂಗಳುಗಟ್ಟಲೆ ಮಡಚಿಕೊಂಡೇ ಇದ್ದು ಬಿರುಕು ಬಿಡುತ್ತವೆ. ನೀರಿನ ಸಣ್ಣ ಡ್ರೈನ್ ತೂತುಗಳಿಗೂ ಸ್ಪೀಡೋಮೀಟರ್‌ಗೆ ನೀರಿನ ಒತ್ತಡ ತಲುಪಿಸುವ ಪಿಟೋ ತೂತಿಗೂ ತೆಳು ತಂತಿ ಆಡಿಸಿ, ಕಟ್ಟಿಕೊಂಡಿಲ್ಲ ಎಂದು ನೋಡಿ.

ಔಟ್‌ಡ್ರೈವ್‌ಗೆ ನಿಜವಾದ ಅಪಾಯವಿರುವುದು ಗೇರ್ ಆಯಿಲ್‌ನಲ್ಲಿ. ಅದನ್ನು ಶರತ್ಕಾಲದಲ್ಲೇ ಬದಲಿಸಬೇಕು, ಏಕೆಂದರೆ ಸೀಲ್ ಸೋರಿ ಒಳಗೆ ನೀರು ಸೇರಿದ್ದರೆ ಚಳಿಗಾಲದಲ್ಲಿ ಅದೇ ನೀರು ಗೇರ್‌ಕೇಸ್ ಒಡೆಯುತ್ತದೆ. ಎಂಜಿನ್ ಪಕ್ಕದ ಗೇರ್ ಆಯಿಲ್ ಬಾಟಲಿಯ ಮುಚ್ಚಳ ತೆಗೆದು, ಮೇಲಿನ ವೆಂಟ್ ಸ್ಕ್ರೂ ಮತ್ತು ಕೆಳಗಿನ ಡ್ರೈನ್ ಸ್ಕ್ರೂ ಬಿಚ್ಚಿ, ಬೆಳ್ಳನೆಯ ಪಾತ್ರೆಗೆ ಆಯಿಲ್ ಬಸಿಯಿರಿ. ಮೊದಲು ಬೀಳುವುದನ್ನೇ ಗಮನಿಸಿ. ನೀರು ಆಯಿಲ್‌ಗಿಂತ ಭಾರ, ತಳದಲ್ಲಿ ನಿಂತಿರುತ್ತದೆ. ಶುದ್ಧ ಆಯಿಲ್ ಪಾರದರ್ಶಕವಾಗಿ ಎಳೆಯಾಗಿ ಇಳಿಯುತ್ತದೆ. ಹಾಲು ಬೆರೆತ ಕಾಫಿಯ ಬಣ್ಣ ಬಂದಿದ್ದರೆ ನೀರು ಸೇರಿದೆ ಎಂದೇ ಅರ್ಥ. ಸೀಲ್ ರಿಪೇರಿ ಮಾಡಿಸದೆ ಬರೀ ಆಯಿಲ್ ತುಂಬಿ ಮುಚ್ಚಬೇಡಿ. ಡ್ರೈನ್ ಸ್ಕ್ರೂ ತುದಿಯಲ್ಲಿ ನುಣ್ಣನೆಯ ಬೂದು ಪೇಸ್ಟ್ ಇದ್ದರೆ ಅದು ಸಹಜ ಸವೆತ; ಬೆರಳಿಗೆ ಚುಚ್ಚುವ ಲೋಹದ ಚೂರು ಸಿಕ್ಕರೆ ಮೆಕ್ಯಾನಿಕ್‌ಗೆ ತೋರಿಸಬೇಕು. ಹೊಸ ಆಯಿಲ್ಲನ್ನು ಕೆಳಗಿನ ತೂತಿನಿಂದಲೇ ಪಂಪ್ ಮಾಡಿ ಮೇಲಿನ ವೆಂಟ್‌ನಲ್ಲಿ ಗುಳ್ಳೆಯಿಲ್ಲದೆ ಬರುವವರೆಗೆ ತುಂಬಬೇಕು. ಬಾಟಲಿಯೂ ಸೇರಿ ಸುಮಾರು 1.9 ಲೀಟರ್ ಹಿಡಿಯುತ್ತದೆ. ಸ್ಕ್ರೂಗಳಿಗೆ ಹೊಸ ವಾಷರ್ ಹಾಕಿ. ಪ್ರೊಪೆಲ್ಲರ್ ತೆಗೆದು ಶಾಫ್ಟ್‌ಗೆ ಮೀನಿನ ಗಾಳದ ದಾರ ಸುತ್ತಿದೆಯೇ ನೋಡಿ. ಸೀಲ್ ಕತ್ತರಿಸುವುದು ಹೆಚ್ಚಾಗಿ ಆ ದಾರವೇ. ಔಟ್‌ಡ್ರೈವ್ ಶಾಫ್ಟ್ ಬೋಟಿನೊಳಗೆ ಹೋಗುವೆಡೆಯ ಗಿಂಬಲ್ ಬೇರಿಂಗ್‌ಗೆ ಗ್ರೀಸ್ ಕೊಡಿ. ಆನೋಡ್‌ಗಳು (ತಾವೇ ಸವೆದು ಔಟ್‌ಡ್ರೈವ್‌ನ ಲೋಹವನ್ನು ಕಾಯುವ ತುಂಡುಗಳು) ಅರ್ಧ ಸವೆದಿದ್ದರೆ ಬದಲಿಸಿ. ನಿಮ್ಮದು ಸಿಹಿನೀರಾದ್ದರಿಂದ ಮೆಗ್ನೀಸಿಯಂನವು ಸೂಕ್ತ. ಮಲ್ಪೆ, ಕಾರವಾರದ ಕಡಲಿಗಿಳಿಯುವ ಬೋಟ್‌ಗಳಿಗೆ ಮಂಜಿನ ಭಯವಿಲ್ಲ, ಉಪ್ಪಿನ ಕಾಟವೇ ದೊಡ್ಡದು. ಅಲ್ಲಿ ಅನುಭವವಿರುವ ಬಂಧುಗಳು ಸತುವಿನ ಆನೋಡ್ ಹಾಕಿ ಎಂದು ಹೇಳಿದರೆ ಅದು ಉಪ್ಪುನೀರಿನ ಮಾತು ಎಂದು ತಿಳಿಯಿರಿ.

ಬೋಟಿನ ಹಿಂಭಾಗದ ಬಿಲ್ಜ್ ಪ್ಲಗ್ ಚಳಿಗಾಲವಿಡೀ ತೆಗೆದೇ ಇರಲಿ. ಜೀಬ್ರಾ ಮಸಲ್ ಎಂಬ ಹೊರಗಿನಿಂದ ಬಂದ ಉಪದ್ರವಿ ಚಿಪ್ಪುಜೀವಿ ಹರಡದಂತೆ ತಡೆಯಲು, ರಸ್ತೆಯಲ್ಲಿ ಬೋಟ್ ಸಾಗಿಸುವಾಗ ಪ್ಲಗ್ ತೆಗೆದಿರಬೇಕೆಂಬುದು ಮಿನೆಸೋಟಾದ ಕಾನೂನೂ ಹೌದು. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ಬಿಚ್ಚಿಡಿ; ಚಾರ್ಜ್ ಇಳಿದ ಬ್ಯಾಟರಿ ಬಲುಬೇಗ ಹೆಪ್ಪುಗಟ್ಟುತ್ತದೆ. ಹಿಮಗಡ್ಡೆಯ ಹಾನಿ ನಿಮ್ಮ ವಿಮೆಯಲ್ಲಿ ಸೇರಿದೆಯೇ ಎಂದು ಪಾಲಿಸಿಯನ್ನು ಓದಿ ನೋಡಿ. ಬಹಳಷ್ಟು ಪಾಲಿಸಿಗಳಲ್ಲಿ ಅದನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕಾಗುತ್ತದೆ.

ಕೊನೆಯದಾಗಿ, ಕಾಯುವ ವಿಚಾರ. ಬೋಟ್ ಸರೋವರದಲ್ಲೇ ತೇಲುತ್ತಿರುವಷ್ಟು ದಿನ ಸುತ್ತಲ ನೀರಿನ ಬಿಸುಪು ಎಂಜಿನ್ನನ್ನು ಒಂದು ಮಟ್ಟಿಗೆ ಕಾಯುತ್ತದೆ. ಟ್ರೈಲರ್ ಏರಿ ಮನೆಯಂಗಳಕ್ಕೆ ಬಂದೊಡನೆ ಆ ರಕ್ಷಣೆ ಇಲ್ಲವಾಗುತ್ತದೆ, ಮತ್ತು ನಿಮ್ಮಲ್ಲಿ ಅಕ್ಟೋಬರ್‌ನಲ್ಲೇ ರಾತ್ರಿಗಳು ಸೊನ್ನೆಗಿಂತ ಕೆಳಗಿಳಿಯುತ್ತವೆ. ಆದ್ದರಿಂದ ನವೆಂಬರ್‌ವರೆಗೆ ಕಾಯಬೇಡಿ. ನೀರಿನಿಂದ ಹೊರತೆಗೆದ ವಾರಾಂತ್ಯದಲ್ಲೇ ಕೆಲಸ ಮುಗಿಸಿ. ಆಯಿಲ್, ಫಾಗಿಂಗ್ ಎಲ್ಲದಕ್ಕೂ ಬಿಡುವಿಲ್ಲದಿದ್ದರೆ ಆ ದಿನ ನೀರನ್ನು ಮಾತ್ರವಾದರೂ ಬಸಿದುಬಿಡಿ. ಆಗ ಉಳಿದ ಕೆಲಸ ಕೆಲವು ದಿನ ತಡವಾದರೂ ಎಂಜಿನ್ ಒಡೆಯುವುದಿಲ್ಲ. ಅಷ್ಟರಲ್ಲಿ ಆಯಿಲ್‌ಗಾಗಿ ಎಂಜಿನ್ ಬಿಸಿಮಾಡಬೇಕಾಗಿ ಬಂದು ಮತ್ತೆ ನೀರು ಬಿಟ್ಟರೆ, ಪ್ಲಗ್‌ಗಳನ್ನೆಲ್ಲ ತೆಗೆದು ತಂತಿ ಹಾಕಿ ಬಸಿಯುವ ಕೆಲಸವನ್ನೂ ಮೊದಲಿನಿಂದ ಮಾಡಬೇಕು.

ವಸಂತದಲ್ಲಿ ಎಂಜಿನ್ ತಿರುಗಿಸುವ ಮುನ್ನ ಡಿಪ್‌ಸ್ಟಿಕ್ ಎಳೆದು ಆಯಿಲ್‌ನ ಬಣ್ಣ ನೋಡಿ, ಬ್ಲಾಕಿನ ಪ್ಲಗ್‌ಗಳ ಕೆಳಗೆ ಪಾತ್ರೆ ಹಿಡಿದು ಆ್ಯಂಟಿಫ್ರೀಜ್ ಬಸಿದುಕೊಳ್ಳಿ. ಇಂಪೆಲ್ಲರ್ ಬದಲಿಸಿ ಎರಡು ಮೂರು ವರ್ಷವಾಗಿದ್ದರೆ, ಅಥವಾ ಹಿಂದಿನ ಮಾಲೀಕರು ಯಾವಾಗ ಬದಲಿಸಿದರೆಂದು ತಿಳಿಯದಿದ್ದರೆ, ಅದನ್ನು ಬದಲಿಸಲು ಅದೇ ಸರಿಯಾದ ಸಮಯ. ಮೊದಲ ಸಲ ಚಾಲು ಮಾಡುವುದು ಅಂಗಳದಲ್ಲೇ, ಮಫ್ ಹಾಕಿಕೊಂಡು ಆಗಲಿ. ಉಳಿದ ಆ್ಯಂಟಿಫ್ರೀಜ್ ಬಕೆಟ್‌ಗೆ ಬೀಳಲಿ, ಸರೋವರಕ್ಕೆ ಹೋಗುವುದು ಬೇಡ.